ಬಾ ಎನ್ನುವವರಿಲ್ಲದ ಬಾಗಿಲು

ಹೊರಡುವ ಮುನ್ನ

ಐರ್ಲೆಂಡಿಗೆ ಹೋಗಿ ಬಂದವರು ಅಲ್ಲಿನ ಹಸಿರನ್ನು ಹೊಗಳಬೇಕೆಂಬುದು ರೂಢಿ. ಹಸಿರು ಬೇಕಾದಷ್ಟಿದೆ. ಬೆಳಗಿನಿಂದ ಸಂಜೆಯವರೆಗೆ ಮಳೆ ಜಿನುಗುವ ನಾಡಿನಲ್ಲಿ ಅದೇನು ದೊಡ್ಡ ವಿಷಯವಲ್ಲ. ನಾನು ಹೇಳಹೊರಟಿರುವುದು ಅಲ್ಲಿ ನೋಡಿದ ಒಂದು ಬಾಗಿಲಿನ ಬಗ್ಗೆ.

ನಾನು ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಹೋಬಳಿಯ ಒಂದು ಹಳ್ಳಿಯಲ್ಲಿ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಹುದ್ದೆಯ ಹೆಸರು ಕೇಳಿದರೆ ಕೈಕೆಳಗೆ ನಾಲ್ಕು ಜನ ಇದ್ದಾರೆ ಅನ್ನಿಸುತ್ತದೆ. ಕಸ ಗುಡಿಸುವವಳೂ ನಾನೇ, ಪುಸ್ತಕಕ್ಕೆ ರಟ್ಟು ಹಾಕುವವಳೂ ನಾನೇ. ಇದಕ್ಕೂ ಮೊದಲು ಶಿಡ್ಲಘಟ್ಟದಲ್ಲಿ, ಆಮೇಲೆ ಚಿಂತಾಮಣಿಯಲ್ಲಿ ಗ್ರಂಥಾಲಯ ಸಹಾಯಕಿಯಾಗಿದ್ದೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಧಾರಣೆ ನೋಡಲು ಜನ ಪತ್ರಿಕೆಗೆ ಮುಗಿಬೀಳುತ್ತಿದ್ದರು. ಧಾರಣೆ ಮೊಬೈಲಿಗೆ ಬಂದ ಮೇಲೆ ಅವರೂ ಬರುವುದು ಬಿಟ್ಟರು. ಚಿಂತಾಮಣಿಯಲ್ಲಿ ಪರೀಕ್ಷೆಗೆ ಓದುವ ಹುಡುಗರು ತಮ್ಮ ಗೈಡುಗಳನ್ನು ತಾವೇ ತಂದು ಬೆಳಗಿನಿಂದ ಕೂರುತ್ತಿದ್ದರು. ಅವರಿಗೆ ಗ್ರಂಥಾಲಯದಿಂದ ಬೇಕಾಗಿದ್ದದ್ದು ಒಂದು ಕುರ್ಚಿ, ಒಂದು ಫ್ಯಾನು. ನಾನು ಬೈದುಕೊಳ್ಳುತ್ತಿದ್ದೆ. ಈಗ ಬೈಯುವುದಿಲ್ಲ. ಮನೆಯಲ್ಲಿ ಕುರ್ಚಿಯೂ ಫ್ಯಾನೂ ಸದ್ದಿಲ್ಲದ ಮೂಲೆಯೂ ಇರುವವರು ಎಷ್ಟು ಮಂದಿ?

ಈಗಿನ ನನ್ನ ಕೋಣೆಯಲ್ಲಿ ಕಂಪ್ಯೂಟರ್ ಇದೆ, ಗೋಡೆಗೆ ದೊಡ್ಡ ಟಿ.ವಿ. ಇದೆ, ಮಕ್ಕಳಿಗೆ ಟ್ಯಾಬ್‌ಗಳಿವೆ. ಶಾಲೆ ಬಿಟ್ಟೊಡನೆ ಮಕ್ಕಳು ನುಗ್ಗುತ್ತವೆ. ಬೆಳಗಿನ ಹೊತ್ತು ಮಾತ್ರ ಬೇರೆ. ಮಕ್ಕಳನ್ನು ಶಾಲೆಗೆ ಅಟ್ಟಿ, ಹೊಲದ ಕೆಲಸವಿಲ್ಲದ ದಿನ, ನಮ್ಮ ಕೇರಿಯ ವೆಂಕಟಮ್ಮ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಬಂದು ಗ್ರಂಥಾಲಯದ ಮೆಟ್ಟಿಲ ಮೇಲೆ ಕೂರುತ್ತಾಳೆ. ಮೂವರಿಗೂ ಅಕ್ಷರ ಬಾರದು. ನಾನು ಕಸ ಗುಡಿಸಿ ಮುಗಿಸಿ ಬನ್ನಿರಮ್ಮ ಎಂದು ತೆಲುಗಿನಲ್ಲಿ "ರಾಂಡಮ್ಮಾ" ಎನ್ನುತ್ತೇನೆ, ಒಳಗೆ ಬಂದು ಪತ್ರಿಕೆ ಓದಿಸಿಕೊಳ್ಳುತ್ತಾರೆ. ನಮ್ಮದು ಆಂಧ್ರದ ಗಡಿ, ಮನೆಮಾತು ತೆಲುಗು, ಪತ್ರಿಕೆ ಕನ್ನಡದ್ದು. ಕಣ್ಣಲ್ಲಿ ಕನ್ನಡ ಓದಿಕೊಂಡು ಬಾಯಲ್ಲಿ ತೆಲುಗು ಹೇಳುವುದು ನನಗೆ ಎಷ್ಟು ರೂಢಿಯಾಗಿದೆಯೆಂದರೆ, ಒಬ್ಬಳೇ ಇದ್ದಾಗಲೂ ಮುಖ್ಯ ಸುದ್ದಿ ತೆಲುಗಿನಲ್ಲೇ ಕೇಳಿಸುತ್ತದೆ.

ಮುಂದಿನ ಬೇಸಿಗೆಗೆ ನನ್ನ ನಿವೃತ್ತಿ. ಮಗಳು ಸುಜಾತ ಐರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸು. ಕೆಲಸದಲ್ಲಿರುವಾಗಲೇ ಒಮ್ಮೆ ಬಂದು ಹೋಗಮ್ಮ, ಆಮೇಲೆ ಕಾಲುನೋವು ಅಂತೀಯ ಎಂದು ಹಟ ಹಿಡಿದಳು. ನಮ್ಮ ಯಜಮಾನರು ಹಿಂದೂಪುರದ ಬಸ್ಸಿನಲ್ಲೇ ವಾಂತಿ ಮಾಡಿಕೊಳ್ಳುವವರು. ವಿಮಾನದ ಮಾತೆತ್ತಿದ್ದಕ್ಕೆ ಟವೆಲ್ ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ಹೊರಟುಬಿಟ್ಟರು. ನಾನೊಬ್ಬಳೇ ಹೊರಟೆ.

ರಜೆ ಕೇಳಲು ಹೋದಾಗ ಪಂಚಾಯಿತಿ ಸದಸ್ಯ ನಾರಾಯಣಪ್ಪ ಸಿಕ್ಕಿದರು. ಕೆಟ್ಟವರಲ್ಲ. ಕಂಪ್ಯೂಟರ್ ತರಿಸಲು ಜಿಲ್ಲಾ ಕೇಂದ್ರ ಚಿಕ್ಕಬಳ್ಳಾಪುರಕ್ಕೆ ಅಲೆದಾಡಿದವರು ಅವರೇ. ನಾನು ನಿವೃತ್ತಳಾದ ಮೇಲೆ ಈ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಬೇಕೋ ಬೇಡವೋ ಎಂಬ ಚರ್ಚೆ ಆಗಲೇ ಶುರುವಾಗಿತ್ತು. ಅವರು ಮುಚ್ಚಿಡದೆ ಕೇಳಿದರು.

"ಮೇಡಂ, ಫಾರಿನ್ನಲ್ಲಿ ಜನಾನೇ ಇಲ್ದೆ ಲೈಬ್ರರಿ ನಡೀತವಂತೆ. ಮೊಬೈಲಲ್ಲಿ ನೋಡ್ದೆ. ನೀವು ಕಣ್ಣಾರೆ ನೋಡ್ಕಂಡು ಬಂದು ಇದ್ದದ್ದು ಇದ್ದಂಗೆ ಹೇಳಿ. ನಡೀತದೆ ಅನ್ನೋದಾದ್ರೆ ನೀವಾದ್ಮೇಲೆ ನಮ್ಮೂರಲ್ಲೂ ಹಂಗೇ ಮಾಡಣ."

ನನ್ನ ಕುರ್ಚಿ ಉಳಿಯಬೇಕೋ ಬೇಡವೋ ಎಂಬುದಕ್ಕೆ ನನ್ನನ್ನೇ ಸಾಕ್ಷಿಗೆ ಕರೆದಂತಾಯಿತು. ಆಯ್ತಪ್ಪ, ನೋಡಿ ಹೇಳ್ತೀನಿ ಎಂದೆ. ಅಲ್ಲಿಯ ವ್ಯವಸ್ಥೆ ಹಾಳುಬಿದ್ದಿರಲಿ ಎಂಬ ಆಸೆ ನನಗಿತ್ತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ನಾನಿಲ್ಲದಾಗ ಬೀಗದ ಕೈ ಯಾರ ಬಳಿ ಇರಬೇಕು ಎಂಬ ಪ್ರಶ್ನೆಗೆ ಉತ್ತರ ಸಲೀಸಾಗಿ ಸಿಕ್ಕಿತು. ಊರಿಗೆ ನೀರು ಬಿಡುವ ಗೋಪಾಲಪ್ಪ ಹೇಗೂ ಬೆಳಗ್ಗೆ ವಾಲ್ವ್ ತಿರುಗಿಸಲು ಆ ದಾರಿಯಲ್ಲೇ ಬರುತ್ತಾನೆ, ಬಾಗಿಲನ್ನೂ ತೆಗೆಯುತ್ತಾನೆ, ಸಂಜೆ ಹಾಕುತ್ತಾನೆ. ಅಲ್ಲಿಗೆ ಮುಗಿಯಿತು.

ಡಬ್ಲಿನ್ನಿನಿಂದ ಹೊರಟ ಬಸ್ಸು

ವಿಮಾನದ ಬಗ್ಗೆ ಬರೆಯಲು ಏನೂ ಇಲ್ಲ. ಕೂರಿಸಿದರು, ತಿನ್ನಿಸಿದರು, ಇಳಿಸಿದರು. ಡಬ್ಲಿನ್ನಿನಲ್ಲಿ ಸುಜಾತ ಬಂದಿದ್ದಳು. ತಬ್ಬಿಕೊಂಡು, ಇಷ್ಟು ತೆಳ್ಳಗಿನ ಸ್ವೆಟರ್ ಯಾಕೆ ಹಾಕಿಕೊಂಡು ಬಂದೆ ಎಂದು ಗದರಿದಳು. ಅವಳ ಊರಿಗೆ ಬಸ್ಸಿನಲ್ಲಿ ಹೋಗಬೇಕು. ಊರಿನ ಹೆಸರಿನಲ್ಲಿ ಬರೆಯುವ ಅಕ್ಷರಗಳಲ್ಲಿ ಅರ್ಧವನ್ನು ಬಾಯಲ್ಲಿ ಹೇಳುವುದಿಲ್ಲ, ಆದ್ದರಿಂದ ನಾನೂ ಆ ಹೆಸರನ್ನು ಹೇಳುವ ಗೋಜಿಗೆ ಹೋಗುವುದಿಲ್ಲ. ಗೌರಿಬಿದನೂರಿಗಿಂತ ಚಿಕ್ಕದು, ಒಂದೇ ದೊಡ್ಡ ಬೀದಿ.

ಬಸ್ಸಿನಲ್ಲಿ ನನಗೆ ವಿಚಿತ್ರವಾಗಿ ಕಂಡದ್ದು ಒಂದು. ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ಹಿಂದಿನ ಬಾಗಿಲಿನಿಂದ ಇಳಿದವರೂ ಅಲ್ಲಿಂದಲೇ ಕೂಗುತ್ತಾರೆ. ಅವನು ಯಾರಿಗೂ ತಿರುಗಿ ನೋಡದೆ ಒಂದು ಬೆರಳೆತ್ತುತ್ತಾನೆ. ನಮ್ಮ ಕಡೆ ಡ್ರೈವರಿಗೂ ಪ್ರಯಾಣಿಕರಿಗೂ ಇರುವ ಸಂಬಂಧ ಬೇರೆ ಥರದ್ದು, ಅದನ್ನು ಇಲ್ಲಿ ಬರೆಯಲಾಗದು.

ಕೆಲವು ದಿನಗಳ ಮೇಲೆ ನಾನೊಬ್ಬಳೇ ಪಕ್ಕದ ಊರಿಗೆ ಹೋಗುವ ಧೈರ್ಯ ಮಾಡಿದೆ. ಬಸ್ ಸ್ಟಾಪಿನಲ್ಲಿ ನಿಂತೆ. ಬಸ್ಸು ಕಂಡಿತು. ಕೈ ಅಡ್ಡ ಹಾಕುವುದು ನಮ್ಮ ಹಳ್ಳಿಯ ಅಭ್ಯಾಸ, ಪರದೇಶದಲ್ಲಿ ಹಾಗೆ ಮಾಡಿ ನಗೆಪಾಟಲಾಗಬಾರದೆಂದು ಕೈಕಟ್ಟಿ ಗಂಭೀರವಾಗಿ ನಿಂತೆ. ಬಸ್ಸು ನನ್ನಷ್ಟೇ ಗಂಭೀರವಾಗಿ ಮುಂದೆ ಹೋಯಿತು. ಅಲ್ಲಿಯೂ ಕೈ ಅಡ್ಡ ಹಾಕಲೇಬೇಕಂತೆ. ಸುಜಾತ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಇನ್ನೊಂದು ದಿನ ಊರಾಚೆ ಒಂದು ಮುಳ್ಳಿನ ಗಿಡ ನೋಡಿದೆ. ಮೈತುಂಬ ಬಟ್ಟೆಯ ಚೂರುಗಳು, ರಿಬ್ಬನ್ನುಗಳು, ಮಗುವಿನ ಒಂದು ಕಾಲುಚೀಲ. ಏನಾದರೂ ಬೇಡಿಕೊಂಡವರು ಕಟ್ಟಿಹೋಗುತ್ತಾರಂತೆ. ವಿದುರಾಶ್ವತ್ಥದಲ್ಲಿ ಮಕ್ಕಳಾಗಲೆಂದು ನಾಗರಕಲ್ಲು ಇಡುವವರ ನೆನಪಾಯಿತು. ನಮ್ಮದು ಬುದ್ಧನಿಗೆ ದೀಪ ಹಚ್ಚುವ ಮನೆ, ನಾನು ಅಲ್ಲಿಯೂ ಕಲ್ಲಿಟ್ಟವಳಲ್ಲ, ಇಲ್ಲಿಯೂ ಬಟ್ಟೆ ಕಟ್ಟಲಿಲ್ಲ. ಆದರೆ ಆ ಕಾಲುಚೀಲವನ್ನು ನೋಡಿ ಸ್ವಲ್ಪ ಹೊತ್ತು ನಿಂತೆ.

ಗ್ರಂಥಾಲಯ, ಹಗಲು

ಮಗಳ ಮನೆಯಿಂದ ಗ್ರಂಥಾಲಯ ಕೂಗಳತೆಯ ದೂರ. ಸುಜಾತ ಡ್ಯೂಟಿಗೆ ಹೋದ ಮೇಲೆ ನನಗೆ ಬೇರೆ ಕೆಲಸವಿಲ್ಲ, ನಾರಾಯಣಪ್ಪನವರಿಗೆ ಕೊಟ್ಟ ಮಾತೂ ಇತ್ತು. ಸೀರೆಯ ಮೇಲೆ ಮಗಳ ದಪ್ಪ ಕೋಟು ಹಾಕಿಕೊಂಡು ಹೊರಟೆ.

ಅಲ್ಲಿನ ಗ್ರಂಥಪಾಲಕಿ ನೋರೀನ್. ನನ್ನದೇ ವಯಸ್ಸು, ನನ್ನದೇ ಸೊಂಟನೋವು. ನಾನೂ ಅದೇ ಕೆಲಸದವಳು ಎಂದು ತಿಳಿದಾಗ ಕೈ ಹಿಡಿದುಕೊಂಡು ಬಿಡಲಿಲ್ಲ. ಮೂರು ವಾರಕ್ಕೆ ಬಂದ ನನಗೂ ಒಂದು ಕಾರ್ಡು ಮಾಡಿಕೊಟ್ಟಳು. ಹಾಲು ಹಾಕಿದ ಕಡು ಚಹಾ ಕೊಟ್ಟಳು. ಅವರ ಚಹಾ ನಮ್ಮ ರೈಲ್ವೆ ಸ್ಟೇಷನ್ನಿನ ಚಹಾಕ್ಕೆ ಹತ್ತಿರ, ಸಕ್ಕರೆ ಮಾತ್ರ ಬೇಡಿ ತೆಗೆದುಕೊಳ್ಳಬೇಕು. ಹೇಗಿದೆ ಎಂದು ಏನನ್ನು ಕೇಳಿದರೂ ಅಲ್ಲಿಯ ಜನ 'ಗ್ರ್ಯಾಂಡ್' ಎನ್ನುತ್ತಾರೆ. ಮೊದಲು ಎಲ್ಲವೂ ಬಹಳ ಭವ್ಯವಾಗಿರಬೇಕು ಅಂದುಕೊಂಡಿದ್ದೆ. ನಾವು 'ಪರವಾಗಿಲ್ಲ' ಎನ್ನುವ ಕಡೆಯಲ್ಲೆಲ್ಲ ಅವರು ಅದನ್ನು ಹೇಳುತ್ತಾರೆ ಅಷ್ಟೆ.

ಪುಸ್ತಕ ತೆಗೆದುಕೊಳ್ಳಲು ಅಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ಒಂದು ತಟ್ಟೆಯ ಮೇಲೆ ಪುಸ್ತಕಗಳ ಅಟ್ಟಿಯನ್ನೇ ಇಟ್ಟರೆ ಯಂತ್ರ ಅಷ್ಟನ್ನೂ ಒಟ್ಟಿಗೆ ಗುರುತಿಸುತ್ತದೆ. ಹಿಂದಿರುಗಿಸಲು ಗೋಡೆಯಲ್ಲೊಂದು ಕಂಡಿ. ತಡವಾದರೆ ದಂಡವಿಲ್ಲ. ಕಪಾಟಿನ ಪಕ್ಕದಲ್ಲಿ ಹೂವಿನ ಬೀಜದ ಪೊಟ್ಟಣಗಳು, ಮನೆಗೆ ಒಯ್ಯಲು ವಾದ್ಯಗಳು. ಒಂದು ಮೇಜಿನ ಸುತ್ತ ಹೆಂಗಸರು ಕೂತು ಹೆಣಿಗೆ ಹಾಕುತ್ತ ಯಾರದ್ದೋ ಸೊಸೆಯ ಬಗ್ಗೆ ಮಾತಾಡುತ್ತಿದ್ದರು. ಇಂಗ್ಲಿಷು ಅರ್ಧ ತಿಳಿಯದಿದ್ದರೂ ಸೊಸೆಯ ವಿಷಯ ಎಂಬುದು ತಿಳಿಯಿತು.

ಹಾಗಾದರೆ ನೋರೀನ್ ಏನು ಮಾಡುತ್ತಾಳೆ? ನಾನು ಮೂಲೆಯಲ್ಲಿ ಕೂತು ನೋಡಿದೆ. ಪುಸ್ತಕ ಮುಟ್ಟಿದ್ದು ಕಡಿಮೆ. ಒಬ್ಬ ಮುದುಕಿಯ ಫೋನಿನಲ್ಲಿ ಡಾಕ್ಟರ ಭೇಟಿ ಗೊತ್ತು ಮಾಡಿಕೊಟ್ಟಳು. ಬೇರೆ ದೇಶದಿಂದ ಬಂದ ಒಬ್ಬ ತಾಯಿಗೆ ಶಾಲೆಯ ಅರ್ಜಿ ತುಂಬಿಸಿದಳು. ಊರಿನ ಬ್ಯಾಂಕಿನ ಶಾಖೆ ಮುಚ್ಚಿದೆಯಂತೆ. ಆಮೇಲೆ ಬ್ಯಾಂಕಿಗೆ ಹೋಗುತ್ತಿದ್ದವರೆಲ್ಲ ಇವಳ ಹತ್ತಿರ ಬರುತ್ತಾರೆ. ನನ್ನ ಹಳ್ಳಿಯಲ್ಲಿ ಪಹಣಿ ತೆಗೆಸಲು, ಪರೀಕ್ಷೆಯ ಫಲಿತಾಂಶ ನೋಡಲು, ಬಂದ ಓಟಿಪಿ ಓದಿ ಹೇಳಲು ನನ್ನ ಹತ್ತಿರ ಬರುತ್ತಾರಲ್ಲ, ಹಾಗೆ. ಎಲ್ಲವೂ ಬೆರಳ ತುದಿಗೆ ಬಂದಿದೆ ಎನ್ನುತ್ತಾರೆ. ಬೆರಳು ನಡುಗುವವರು ನಮ್ಮಿಬ್ಬರ ಬಳಿಗೆ ಬರುತ್ತಾರೆ.

ನಿನ್ನ ಗ್ರಂಥಾಲಯದಲ್ಲಿ ಏನೇನು ಮಾಡುತ್ತೀ ಎಂದು ನೋರೀನ್ ಕೇಳಿದಳು. ಟ್ಯಾಬು, ಟಿ.ವಿ., ಮಕ್ಕಳ ಚೆಸ್ ಬೋರ್ಡು, ಎಲ್ಲ ಹೇಳಿದೆ. ಮೆಟ್ಟಿಲ ಮೇಲಿನ ಮೂವರು ಹೆಂಗಸರ ವಿಷಯ ನನ್ನ ಬಾಯಿಗೆ ಬರಲೇ ಇಲ್ಲ. ಅದೂ ಒಂದು ಕೆಲಸವೆಂದು ನನಗೆ ಯಾರೂ ಹೇಳಿರಲಿಲ್ಲ.

ಗ್ರಂಥಾಲಯ, ಸಂಜೆ

ಹಗಲು ಮುಗಿದ ಮೇಲೆ ನೋರೀನ್ ಮನೆಗೆ ಹೋಗುತ್ತಾಳೆ, ಗ್ರಂಥಾಲಯ ಮುಚ್ಚುವುದಿಲ್ಲ. ನಾರಾಯಣಪ್ಪ ಮೊಬೈಲಿನಲ್ಲಿ ನೋಡಿದ್ದು ಇದನ್ನೇ. ಬಾಗಿಲಿನ ಪಕ್ಕದ ಪೆಟ್ಟಿಗೆಗೆ ಕಾರ್ಡು ತೋರಿಸಿ, ಗುಟ್ಟಿನ ಸಂಖ್ಯೆ ಒತ್ತಿದರೆ ಗಾಜಿನ ಬಾಗಿಲು ಸರಿಯುತ್ತದೆ. ದೀಪ ಉರಿಯುತ್ತಿರುತ್ತದೆ, ಕೋಣೆ ಬೆಚ್ಚಗಿರುತ್ತದೆ, ಮುಚ್ಚುವ ಹೊತ್ತಾದಾಗ ಮೇಲಿನಿಂದ ಒಂದು ಧ್ವನಿ ಹೊರಡಿ ಎನ್ನುತ್ತದೆ. ನೋರೀನ್ ಒಂದು ಮಧ್ಯಾಹ್ನ ನನಗೆ ಇದನ್ನೆಲ್ಲ ತೋರಿಸಿ ಪಾಠ ಹೇಳಿದ್ದಳು. ಗೋಡೆಯ ಮೇಲಿನ ಫಲಕವನ್ನೂ ಓದಿಸಿದ್ದಳು. ಒಂದು ಕಾರ್ಡಿಗೆ ಒಬ್ಬರೇ, ಬೇರೆ ಯಾರನ್ನೂ ಒಳಗೆ ಬಿಡಬಾರದು.

ನಾನು ಹಲವು ಸಂಜೆ ಹೋಗಿ ಕೂತೆ. ಹಾಳುಬಿದ್ದಿರಲಿ ಎಂದು ಆಸೆಪಟ್ಟಿದ್ದೆನಲ್ಲ, ಹಾಳೇನೂ ಬಿದ್ದಿರಲಿಲ್ಲ. ಯಾರೂ ಪುಸ್ತಕ ಕದಿಯಲಿಲ್ಲ, ಯಾರೂ ಪತ್ರಿಕೆಯಲ್ಲಿ ಬಜ್ಜಿ ಕಟ್ಟಿಕೊಂಡು ಹೋಗಲಿಲ್ಲ. ಕೆಲಸ ಮುಗಿಸಿ ಬಂದವರು ಓದಿದರು, ಕುರ್ಚಿಯನ್ನು ಮೇಜಿನ ಕೆಳಕ್ಕೆ ತಳ್ಳಿ ಹೋದರು. ಇದನ್ನು ಹೋಗಿ ನಾರಾಯಣಪ್ಪನವರಿಗೆ ಹೇಳಬೇಕಲ್ಲ.

ಆ ದಿನ ಮಳೆ ಜಿನುಗುತ್ತಿತ್ತು. ಒಳಗೆ ನಾನು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಒಬ್ಬ ವಿದ್ಯಾರ್ಥಿನಿ, ಇಬ್ಬರೇ. ತಲೆಯೆತ್ತಿದಾಗ ಗಾಜಿನ ಆಚೆ ಒಬ್ಬ ಮುದುಕ ನಿಂತಿದ್ದ. ಟೋಪಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬಾಗಿಲನ್ನು ಒಮ್ಮೆ ತಳ್ಳಿ ನೋಡಿದ, ಬರಲಿಲ್ಲ. ತಟ್ಟಲಿಲ್ಲ, ಕೂಗಲಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿದು, ದಾರಿಗೆ ಅಡ್ಡವಾಗದ ಹಾಗೆ, ಸುಮ್ಮನೆ ನಿಂತ.

ಆ ನಿಲ್ಲುವ ರೀತಿ ನನಗೆ ಗೊತ್ತು. ನಮ್ಮಮ್ಮ ಅಂಗಡಿಯ ಮುಂದೆ, ಶಾಲೆಯ ಮುಂದೆ, ತಾಲ್ಲೂಕು ಕಚೇರಿಯ ಮುಂದೆ ಹಾಗೇ ನಿಲ್ಲುತ್ತಿದ್ದಳು. ಒಳಗಿನವರ ಕಣ್ಣಿಗೆ ಬೀಳುವಷ್ಟು ಹತ್ತಿರ, ಬೈಸಿಕೊಳ್ಳದಷ್ಟು ದೂರ. ಕರೆಯುವವರೆಗೆ ಹೊರಗೆ ನಿಲ್ಲುವುದನ್ನು ನಮ್ಮ ಕೇರಿಯವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅಪ್ಪ ಬುದ್ಧನ ಪಟ ಮನೆಗೆ ತಂದ ಮೇಲೂ, ನಾನು ಓದಿ ಕೆಲಸಕ್ಕೆ ಸೇರಿದ ಮೇಲೂ ಅಮ್ಮನ ಕಾಲನ್ನು ಆ ಅಭ್ಯಾಸ ಬಿಡಲಿಲ್ಲ. ನನ್ನ ಗ್ರಂಥಾಲಯಕ್ಕೆ ಬಂದಾಗಲೂ ಹೊರಗೇ ನಿಂತಿದ್ದಳು. ಬಾಗಿಲಾಚೆ ಹಾಗೆ ನಿಂತವರನ್ನು ನೋಡಿಕೊಂಡು ಕೂರುವುದು ನನ್ನ ಕೈಲಾಗುವುದಿಲ್ಲ. ಫಲಕ ನೆನಪಿತ್ತು. ಎದ್ದುಹೋಗಿ ಒಳಗಿನ ಹಸಿರು ಗುಂಡಿ ಒತ್ತಿದೆ. ಕಮ್ ಇನ್ ಎನ್ನುವ ಬದಲು ಬಾಯಿಂದ "ರಾಂಡಿ" ಎಂದೇ ಬಂದುಬಿಟ್ಟಿತು. ಅವನು ಅರ್ಥವಾದವನಂತೆ ಒಳಗೆ ಬಂದ.

ಹೆಸರು ಟಾಮ್, ಊರಾಚೆ ದನ ಸಾಕುವವನು. ಅವನ ಜೊತೆ ಶಾಲೆಗೆ ಹೋಗಿದ್ದ ಗೆಳೆಯನೊಬ್ಬ ತೀರಿಕೊಂಡಿದ್ದಾನೆಂದು ದಾರಿಯಲ್ಲಿ ಯಾರೋ ಹೇಳಿದರಂತೆ. ಮಣ್ಣು ಯಾವಾಗ, ಮನೆಯಲ್ಲಿ ಎಷ್ಟು ಹೊತ್ತಿನವರೆಗೆ ಇಟ್ಟಿರುತ್ತಾರೆ ಎಂದು ಕೇಳಿದರೆ ಎಲ್ಲ ಇಂಟರ್‌ನೆಟ್ಟಿನಲ್ಲಿದೆ ನೋಡಿಕೋ ಎಂದರಂತೆ. ಆ ನಾಡಿನಲ್ಲಿ ಸಾವಿನ ಸುದ್ದಿಗೆ ಬಲು ಮರ್ಯಾದೆ. ರೇಡಿಯೋದಲ್ಲಿ ದಿನವೂ ಸತ್ತವರ ಹೆಸರು ಓದುತ್ತಾರೆ, ಈಚೆಗೆ ಫೋನಿನಲ್ಲೇ ಹುಡುಕಿಕೊಳ್ಳುತ್ತಾರೆ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಹೂಮಾಲೆ ಹಾಕಿದ ಫೋಟೋದ ಫ್ಲೆಕ್ಸು ಕಟ್ಟುತ್ತಾರಲ್ಲ, ಓದು ಬಾರದವರಿಗೂ ಮುಖ ಗುರುತು ಸಿಗುತ್ತದೆ. ಅಲ್ಲಿ ಆ ಅನುಕೂಲವಿಲ್ಲ.

ಕಂಪ್ಯೂಟರಿನ ಮುಂದೆ ಕೂರಿಸಿದೆ. ಕನ್ನಡಕ ಮನೆಯಲ್ಲಿ ಬಿಟ್ಟುಬಂದೆ ಎಂದ. ಹಾಗೆನ್ನುವವರನ್ನು ನಾನು ನಮ್ಮೂರಲ್ಲೂ ಮುಂದಕ್ಕೆ ಕೇಳುವುದಿಲ್ಲ. ನಾನೇ ಹುಡುಕಿದೆ, ಸಿಕ್ಕಿತು. ಗಟ್ಟಿಯಾಗಿ ಓದಿದೆ. ಅವನು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ದೇಹವನ್ನು ಆ ದಿನ ಸಂಜೆಯಷ್ಟೇ ಮನೆಯಲ್ಲಿ ಇಟ್ಟಿರುತ್ತಾರೆ ಎಂದಿತ್ತು. ವಿದ್ಯಾರ್ಥಿನಿ ಇಯರ್‌ಫೋನ್ ತೆಗೆದು ನೋಡಿದಳು, ಮತ್ತೆ ಹಾಕಿಕೊಳ್ಳಲಿಲ್ಲ. ಟಾಮ್ ಇನ್ನೊಮ್ಮೆ ಓದಮ್ಮ ಎಂದು ಕೇಳಿದ. ಹೆಂಡತಿ, ಮಕ್ಕಳು, ಮೊಮ್ಮಕ್ಕಳು, ನೆರೆಹೊರೆ ಎಂದು ಕೊನೆಗೆ ಬರುವ ಹೆಸರುಗಳನ್ನೂ ಬಿಡದೆ ಓದಿದೆ. ವೆಂಕಟಮ್ಮನೂ ಹಾಗೆಯೇ, ಊರಿನ ಅಪಘಾತದ ಸುದ್ದಿಯಾದರೆ ಎರಡು ಸಲ ಓದಿಸುತ್ತಾಳೆ. ಮೊದಲ ಸಲ ಸುದ್ದಿಗೆ, ಎರಡನೆಯ ಸಲ ಅಳುವುದಕ್ಕೆ. ಟಾಮ್ ಅಳಲಿಲ್ಲ. ಟೋಪಿ ಹಾಕಿಕೊಂಡು, ನನ್ನ ಭುಜ ತಟ್ಟಿ, ಮಳೆಯಲ್ಲೇ ಹೊರಟ.

ಮರುದಿನ

ಮರುದಿನ ನೋರೀನ್ ಕರೆಸಿದಳು. ಒಂದು ಕಾರ್ಡಿಗೆ ಎರಡು ತಲೆ ಬಂದದ್ದನ್ನು ಕ್ಯಾಮೆರಾ ಹಿಡಿದಿತ್ತು. ಬೈಯಲಿಲ್ಲ, ಚಹಾ ಕೊಟ್ಟಳು. ಆದರೆ ನಿಯಮ ನಿಯಮವೇ, ನನ್ನ ಕಾರ್ಡಿಗೆ ಇನ್ನು ಒಂದು ವಾರ ಸಂಜೆಯ ಬಾಗಿಲು ತೆರೆಯುವುದಿಲ್ಲ ಎಂದಳು. ಮನೆಗೆ ಬಂದು ಹೇಳಿದಾಗ ಸುಜಾತ ತಲೆ ಚಚ್ಚಿಕೊಂಡಳು.

"ಅಮ್ಮಾ, ಇದು ನಮ್ಮೂರಲ್ಲ ಕಣಮ್ಮ. ಇಲ್ಲಿ ಹಂಗೆಲ್ಲ ಯಾರನ್ನಂದ್ರೆ ಅವರನ್ನ ಒಳಗೆ ಕರೀಬಾರ್ದು."

ಹೊರಗೆ ನೆನೀತಾ ನಿಂತಿದ್ನಲ್ಲೇ ಎಂದೆ. ಅಜ್ಜಿ ಹಂಗಾ ಎಂದು ಕೇಳಿದಳು. ಹೂಂ ಎಂದೆ. ಮತ್ತೆ ಅವಳು ಆ ವಿಷಯ ಎತ್ತಲಿಲ್ಲ.

ನೋರೀನಳನ್ನು ನಾನೂ ಒಂದು ಪ್ರಶ್ನೆ ಕೇಳಿದ್ದೆ. ಆ ಹೊತ್ತಿನಲ್ಲಿ ನಾನು ಏನು ಮಾಡಬೇಕಿತ್ತು? ಬೆಳಗ್ಗೆ ಬಾ ಎನ್ನಬಹುದಿತ್ತು ಎಂದಳು. ಬೆಳಗಿನ ಹೊತ್ತಿಗೆ ದೇಹ ಮನೆಯಲ್ಲಿ ಇರುತ್ತಿರಲಿಲ್ಲ ಎಂದೆ. ಅವಳು ಲೋಟದಲ್ಲಿ ಚಮಚ ತಿರುಗಿಸುತ್ತ ಹೇಳಿದಳು: "ನಾನಿದ್ದಿದ್ದರೆ ಬಾಗಿಲು ತೆಗೆಯುತ್ತಿದ್ದೆ. ಆ ಹೊತ್ತಿನಲ್ಲಿ ನಾನಿರುವುದಿಲ್ಲ. ನಾನಿಲ್ಲದ ಹೊತ್ತು ಎಂದರೆ ಅದೇ."

ಸಂಜೆಯ ವ್ಯವಸ್ಥೆ ಬಂದಾಗ ತನಗೂ ಭಯವಾಗಿತ್ತು, ಆದರೆ ತನ್ನ ಹಗಲಿನ ಹೊತ್ತನ್ನು ಯಾರೂ ಕಡಿಮೆ ಮಾಡಲಿಲ್ಲ, ಯಂತ್ರ ತನ್ನ ಕುರ್ಚಿಯಲ್ಲಿ ಕೂತಿಲ್ಲ, ತಾನು ಎದ್ದುಹೋದ ಮೇಲೆ ಕಾವಲಿರುತ್ತದೆ ಅಷ್ಟೆ ಎಂದೂ ಹೇಳಿದಳು. ಇದನ್ನು ನಾರಾಯಣಪ್ಪನವರಿಗೆ ಹೇಳಬೇಕೆಂದು ಮನಸ್ಸಿನಲ್ಲಿ ಗಂಟುಹಾಕಿಕೊಂಡೆ.

ನಾನು ಹೊರಡುವ ಹಿಂದಿನ ದಿನ ಟಾಮ್ ಮತ್ತೆ ಸಿಕ್ಕಿದ. ನೋರೀನ್ ಅವನನ್ನು ಹಿಡಿದು ಕೂರಿಸಿ ಕಾರ್ಡು ಮಾಡಿಕೊಟ್ಟಿದ್ದಳು, ಗುಂಡಿ ಒತ್ತುವುದನ್ನು ಕಲಿಸಿದ್ದಳು. ಹಗಲಲ್ಲಿ ಬಾಗಿಲು ತೆರೆದೇ ಇದ್ದರೂ ಅವನು ಹೊರಗೆ ಹೋಗಿ, ಪೆಟ್ಟಿಗೆಗೆ ಕಾರ್ಡು ತೋರಿಸಿ, ಅದು ಕೀಂಯ್ ಎನ್ನುವುದನ್ನು ನನಗೆ ಕೇಳಿಸಿದ. ಗೆಳೆಯನ ಮನೆಗೆ ಹೋಗಿದ್ದೆಯಾ ಎಂದು ಕೇಳಿದೆ. ಹೋಗಿದ್ದೆ, ಅವನ ಕೈ ಮುಟ್ಟಿ ಬಂದೆ ಎಂದ. ಯಾರೂ ಕರೆಯದೆ ಒಳಗೆ ಬರುವುದು ಅವನಿಗೆ ಇಷ್ಟು ಖುಷಿ ಕೊಡಬಹುದೆಂದು ನಾನು ಎಣಿಸಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಕೊಂಚ ಹೊಟ್ಟೆಕಿಚ್ಚೇ ಆಯಿತು.

ಗೌರಿಬಿದನೂರು, ಮತ್ತೆ ಮೆಟ್ಟಿಲು

ಯಲಹಂಕದಲ್ಲಿ ರೈಲು ಹತ್ತಿ ಗೌರಿಬಿದನೂರಿನಲ್ಲಿ ಇಳಿದು ಹಳ್ಳಿಯ ಬಸ್ಸು ಹಿಡಿದೆ. ಅಭ್ಯಾಸಬಲ, ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಕಣಪ್ಪ ಎಂದೆ. ಅವನು ಗಾಬರಿಯಾಗಿ ಬ್ರೇಕ್ ಮೇಲೆ ಕಾಲಿಟ್ಟು, ಏನಾದ್ರೂ ಬಿಟ್ಬಿಟ್ರಾಮ್ಮ ಎಂದು ಹಿಂದಿನ ಸೀಟೆಲ್ಲ ಹುಡುಕಿಸಿದ.

ಮರುದಿನ ಬೆಳಗ್ಗೆ ಗ್ರಂಥಾಲಯಕ್ಕೆ ಹೋದೆ. ಗೋಪಾಲಪ್ಪ ಹೇಳಿದ ಮಾತಿನಂತೆ ಆಗಲೇ ಬಾಗಿಲು ತೆಗೆದಿದ್ದ. ಟ್ಯಾಬುಗಳು ಚಾರ್ಜಿನಲ್ಲಿದ್ದವು. ಸಂಜೆ ಮಕ್ಕಳು ಬಂದು ಹೋದ ಗುರುತು ಎಲ್ಲ ಕಡೆ ಇತ್ತು, ಚೆಸ್ಸಿನ ಒಂದು ಕುದುರೆ ಮಾತ್ರ ಕಾಣೆ. ಮೇಜಿನ ಮೇಲೆ ನಾನಿಲ್ಲದ ದಿನಗಳ ಪತ್ರಿಕೆಗಳಿದ್ದವು. ಒಂದರ ಮಡಿಕೆಯೂ ಬಿಚ್ಚಿರಲಿಲ್ಲ. ಹುಡುಗರಿಗೆ ಸುದ್ದಿ ಫೋನಿನಲ್ಲಿ ಸಿಗುತ್ತದೆ, ಅವರಿಗೆ ಪತ್ರಿಕೆ ಬೇಕಾಗಿಲ್ಲ.

ವೆಂಕಟಮ್ಮನೂ ಇಬ್ಬರು ಹೆಂಗಸರೂ ಮೆಟ್ಟಿಲ ಮೇಲೆ ಕೂತಿದ್ದರು. ಮಾತಾಡಿಸಿದಾಗ ತಿಳಿಯಿತು, ನಾನಿಲ್ಲದಾಗಲೂ ಬಿಡುವಿದ್ದ ದಿನವೆಲ್ಲ ಬಂದಿದ್ದಾರೆ. ಬಂದು ಅಲ್ಲೇ ಕೂತಿದ್ದಾರೆ, ಬಿಸಿಲು ಮೆಟ್ಟಿಲಿಗೆ ಬಂದಾಗ ಎದ್ದುಹೋಗಿದ್ದಾರೆ.

ಅಷ್ಟರಲ್ಲಿ ನಾರಾಯಣಪ್ಪ ಬಂದರು. ಹೆಂಗಸರು ಮೈ ಸರಿಸಿ ದಾರಿ ಬಿಟ್ಟರು. ಅವರು ಒಳಗೆ ಬಂದು ಕುರ್ಚಿ ಎಳೆದುಕೊಂಡು ಪ್ರಯಾಣ, ಚಳಿ, ಮಗಳ ಕ್ಷೇಮ ಎಲ್ಲ ವಿಚಾರಿಸಿ, ಕೊನೆಗೆ ವಿಷಯಕ್ಕೆ ಬಂದರು. ಜನ ಇಲ್ಲದೆ ನಡೀತದಾ?

ಇದ್ದದ್ದು ಇದ್ದ ಹಾಗೆ ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. "ನಡೀತದಪ್ಪ. ಚೆನ್ನಾಗೇ ನಡೀತದೆ," ಎಂದೆ. ಅವರ ಮುಖ ಅರಳಿತು. ಹಗಲೆಲ್ಲ ಅಲ್ಲೊಬ್ಬಳು ಇರುತ್ತಾಳೆ, ಅವಳು ಮನೆಗೆ ಹೋದ ಮೇಲಷ್ಟೇ ಯಂತ್ರ ಎಂದು ವಿವರಿಸಿದೆ. ಅದು ಅವರ ಕಿವಿಗೆ ಅಷ್ಟಾಗಿ ಬೀಳಲಿಲ್ಲ. ನೀವಿಲ್ಲದಾಗ ಇಲ್ಲಿಯೂ ನಡೆದಿದೆಯಲ್ಲ, ಗೋಪಾಲಪ್ಪ ಒಂದು ದಿನ ತಪ್ಪಿಸದೆ ಬಾಗಿಲು ತೆಗೆದಿದ್ದಾನೆ ಎಂದರು. ನಿಜವೇ. ನಾನು ಹೊರಗಿನ ಮೆಟ್ಟಿಲು ತೋರಿಸಿ, ಅವರನ್ನೂ ಒಂದು ಮಾತು ಕೇಳಿ ಎಂದೆ.

ನಾರಾಯಣಪ್ಪ ಕುರ್ಚಿಯಲ್ಲೇ ತಿರುಗಿ, "ಏನಮ್ಮ, ಬಾಗಿಲು ತೆಗ್ದೇ ಇತ್ತಲ್ಲ, ಒಳಗೆ ಬಂದು ಕೂತ್ಕಬೋದಿತ್ತಲ್ಲ?" ಎಂದು ಕೇಳಿದರು.

"ತೆಗ್ದಿತ್ತು ಸ್ವಾಮಿ," ಎಂದಳು ವೆಂಕಟಮ್ಮ. "ಬಾ ಅನ್ನೋರು ಇರ್ಲಿಲ್ವಲ್ಲ."

ಅವಳು ದೂರುತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು ಅಷ್ಟೆ. ನಾರಾಯಣಪ್ಪ ಕುರ್ಚಿ ಸರಿಸಿ ಎದ್ದು, ಸಭೆಯಲ್ಲಿ ಇನ್ನೊಂದು ಸಲ ಮಾತಾಡಣ ಎಂದರು. ಹೊಸಿಲು ದಾಟುವಾಗ ಮುಜುಗರದಿಂದ, "ಯಾಕಮ್ಮ ಇಲ್ಲಿ, ಒಳಗೆ ಹೋಗ್ರಿ," ಎಂದರು. ಹೆಂಗಸರು ಅವರತ್ತ ನೋಡಲಿಲ್ಲ, ನನ್ನತ್ತ ನೋಡಿದರು. ನಾನು ಎಂದಿನಂತೆ ಕರೆದೆ. ಬಂದರು.

ಆ ನೋಟ ನನ್ನನ್ನು ಕಾಡಿತು. ಇಷ್ಟು ವರ್ಷ ನಾನು ಅವರನ್ನು ಒಳ್ಳೆಯ ಮನಸ್ಸಿನಿಂದಲೇ ಕರೆದಿದ್ದೇನೆ. ಆದರೆ ಬೇಸಿಗೆಗೆ ನಾನು ಹೋಗುತ್ತೇನೆ. ಪಂಚಾಯಿತಿ ಇನ್ನೊಬ್ಬರನ್ನು ಕೂರಿಸೀತು, ಬಿಟ್ಟೀತು, ಅದು ನನ್ನ ಕೈಲಿಲ್ಲ. ಕೂರಿಸಿದರೂ ಅವರು ಬಾ ಎನ್ನುವವರೇ ಎಂದು ಹೇಗೆ ಹೇಳುವುದು? ನೋರೀನ್ ಟಾಮ್‌ಗೆ ಒಂದು ಕಾರ್ಡಾದರೂ ಕೊಟ್ಟಳು. ನಾನು ಇವರಿಗೆ ಏನು ಕೊಟ್ಟೆ?

ಮಾರನೆಯ ಬೆಳಗ್ಗೆ ನಾನು ಬೇಕೆಂದೇ ಕರೆಯಲಿಲ್ಲ, ಅವರಾಗಿ ಬರಲಿ ಎಂದು. ಗುಡಿಸಿದೆ, ಪತ್ರಿಕೆ ಬಿಚ್ಚಿದೆ, ತಲೆ ತಗ್ಗಿಸಿ ಓದುತ್ತ ಕೂತೆ. ಒಂದಕ್ಷರವೂ ತಲೆಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಬಳೆಯ ಸದ್ದು ಕೇಳುತ್ತಿತ್ತು, ಕೆಮ್ಮು ಕೇಳುತ್ತಿತ್ತು. ಅಮ್ಮನನ್ನು ಹೊರಗೆ ನಿಲ್ಲಿಸಿ ಒಳಗೆ ಕೂತ ಹಾಗಾಯಿತು. ಬಾಯವರೆಗೆ ಬಂದ ಮಾತನ್ನು ಎಷ್ಟು ಸಲ ನುಂಗಿದೆನೋ. ಬಿಸಿಲು ಮೇಲಿನ ಮೆಟ್ಟಿಲಿಗೆ ಏರಿತು. ಇನ್ನು ಎದ್ದುಹೋಗುತ್ತಾರೆ, ಕರೆದೇಬಿಡೋಣ ಎಂದುಕೊಂಡಾಗ ಬಾಗಿಲಲ್ಲಿ ನೆರಳು ಬಿತ್ತು.

ವೆಂಕಟಮ್ಮ ಹೊಸಿಲ ಮೇಲೆ ಸೊಂಟಕ್ಕೆ ಕೈಯಿಟ್ಟುಕೊಂಡು ನಿಂತಿದ್ದಳು. "ಏನಮ್ಮಾ, ಫಾರಿನ್ನಿಗೆ ಹೋಗಿ ಬಂದು ಮಾತೇ ಬಿದ್ದೋಯ್ತಾ ನಿಂಗೆ?" ಎಂದಳು. ನಾನು ಪತ್ರಿಕೆಯ ಹಾಳೆ ತಿರುವಿದೆ. ಅವಳು ಬಲಗಾಲನ್ನು ಒಳಗಿಟ್ಟಳು, ಎಡಗಾಲನ್ನೂ ಇಟ್ಟಳು. ನೆಟ್ಟಗೆ ಬಂದು ನನ್ನ ಎದುರಿನ ಕುರ್ಚಿ ಎಳೆದು ಕೂತಳು. ಆಮೇಲೆ ಇನ್ನೂ ಹೊರಗೇ ಇದ್ದ ಇಬ್ಬರ ಕಡೆ ತಿರುಗಿ, ನಾನು ದಿನವೂ ಹೇಳುವ ಮಾತನ್ನು ನನಗಿಂತ ಗಟ್ಟಿಯಾಗಿ ಕೂಗಿದಳು.

"ರಾಂಡಮ್ಮಾ."

ಅವರಿಬ್ಬರೂ ಎದ್ದು ಒಳಗೆ ಬಂದರು. ವೆಂಕಟಮ್ಮ ಪತ್ರಿಕೆಯನ್ನು ನನ್ನ ಕಡೆ ತಳ್ಳಿದಳು. ನಾನು ಓದತೊಡಗಿದೆ.